ವಿಮಾನದ ಚಿತ್ರವುಳ್ಳ ಹತ್ತಿಯ ಅಂಗಿ: ಒಂದು ಪಾಠ



ಔರಾದ ಕಡೆಯ ಒಬ್ಬ ಹುಡುಗಿಯು ಒಂದು ದಿನ ನಮ್ಮ ಹೊಲಿಗೆಯ ತರಗತಿಗೆ ತನ್ನ ಅಣ್ಣನ ಅಂಗಿಯೊಂದನ್ನು ತಂದಳು. ಅದು ಈಗ ಊರೂರಿನ ಸಂತೆಯಲ್ಲಿ ದೊರೆಯುವ ಟೀ ಶರ್ಟು. ಕಂಕುಳ ಹತ್ತಿರ ಹೊಲಿಗೆ ಬಿಚ್ಚಿಕೊಂಡಿದ್ದರಿಂದ ಅದನ್ನು ಸರಿಪಡಿಸುವದಷ್ಟೇ ಅವಳ ಉದ್ದೇಶವಾಗಿತ್ತು. ಆದರೆ ಅಂಗಿಯ ಎದೆಯ ಮೇಲೆ ನಾಲ್ಕು ಎಂಜಿನುಗಳ ಒಂದು ದೊಡ್ಡ ಬಾಂಬು ವಿಮಾನದ ಚಿತ್ರವಿತ್ತು. ಅದರ ರೆಕ್ಕೆಯ ಮೇಲೆ ಬಿಳಿಯ ನಕ್ಷತ್ರ, ಕೆಳಗೆ ೧೯೪೩ ಎಂಬ ಅಂಕೆ. ಅರಿವೆಯು ಹೊಸದಾಗಿದ್ದರೂ ಬಣ್ಣವನ್ನು ಬೇಕೆಂದೇ ಮಾಸಿದಂತೆ ಮಾಡಿದ್ದರು. ಚಿತ್ರದಲ್ಲಿ ಬಿರುಕುಗಳು ಸಹ ಮೊದಲೇ ಬರೆಯಲ್ಪಟ್ಟಿದ್ದವು. ಹಳೆಯ ಕಾಲದ ಅಂಗಿಯಂತೆ ಕಾಣಲಿ ಎಂಬುದು ತಯಾರಿಸಿದವರ ಇಚ್ಛೆ.

"ಇದು ನಮ್ಮ ಬೀದರದ ವಿಮಾನ, ಅಕ್ಕನವರೇ. ನಮ್ಮ ಹೊಲದ ಮೇಲೆ ದಿನಾ ಹಾರುತ್ತದೆ" ಎಂದು ಆ ಹುಡುಗಿಯು ಅಭಿಮಾನದಿಂದ ಹೇಳಿದಳು.

ಅದು ಬೀದರದ ವಿಮಾನವಾಗಿರಲಿಲ್ಲ. ಅಮೇರಿಕಾ ದೇಶದ ವಿಮಾನವಾಗಿತ್ತು. ಇದನ್ನು ತಿಳಿಸಿದಾಗ ಅವಳ ಮುಖವು ಬಾಡಿತು. ಹಾಗಾದರೆ ಬೀದರದ ವಿಮಾನ ಯಾವದು, ಅದರ ಚರಿತ್ರೆ ಏನು ಎಂದು ಭಾಲ್ಕಿಯ ಮತ್ತೊಬ್ಬಳು ಕೇಳಿದಳು. ಆ ಗಂಟೆಯಲ್ಲಿ ನಾವು ಪೂರ್ತಿಯಾದ ಉತ್ತರ ಕೊಡಲಾರದೆ ಹೋದೆವು. ಅನಂತರ ಓದಿ ಕೇಳಿ ತಿಳಿದುಕೊಂಡು ನಾಲ್ಕು ವಾರ ನಡಿಸಿದ ಪಾಠದ ಸಾರವನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಅರಿವೆಯ ಸಂಗತಿ. ಯಾಕಂದರೆ ವಿಮಾನಕ್ಕೂ ಅರಿವೆಗೂ ಇರುವ ಸಂಬಂಧವು ಅಂಗಿಯ ಮೇಲೆ ಚಿತ್ರ ಅಚ್ಚು ಹಾಕುವವರಿಂದ ಹುಟ್ಟಿದ್ದಲ್ಲ. ೧೯೦೩ನೆಯ ಇಸವಿಯ ಡಿಸೆಂಬರ್ ೧೭ರಂದು ರೈಟ್ ಸಹೋದರರ ವಿಮಾನವು ಮೊದಲ ಸಾರಿ ೧೨ ಸೆಕೆಂಡು ಹಾರಿ ೧೨೦ ಅಡಿ ದೂರ ಹೋದಾಗ ಅದರ ರೆಕ್ಕೆಗಳಿಗೆ ಹೊದಿಸಿದ್ದು ಸಾಧಾರಣ ಹತ್ತಿಯ ಮಸ್ಲಿನ್ ಅರಿವೆ. ಅದು ಅಂಗಡಿಯಲ್ಲಿ ಹೆಂಗಸರ ಒಳ ಉಡುಪಿಗಾಗಿ ಮಾರಲ್ಪಡುತ್ತಿದ್ದ ಅರಿವೆ. ಅದನ್ನು ಆ ಸಹೋದರರು ಹೊಲಿಗೆಯ ಯಂತ್ರದಲ್ಲಿ ಹೊಲಿದರು. ಎಳೆಗಳು ಚೌಕಟ್ಟಿಗೆ ಓರೆಯಾಗಿ ಬರುವಂತೆ ಅರಿವೆಯನ್ನು ಹೊದಿಸಿದ್ದರಿಂದ ಒಂದೊಂದು ಎಳೆಯೂ ರೆಕ್ಕೆಯನ್ನು ಬಿಗಿಹಿಡಿಯುವ ತಂತಿಯಂತೆ ಕೆಲಸ ಮಾಡಿತು. ಲಂಗದ ಅಂಚಿಗೆ ಓರೆಪಟ್ಟಿ ಕತ್ತರಿಸಲು ಕಲಿತ ನಮ್ಮ ಹುಡುಗಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾಗಲಿಲ್ಲ. ಅವರು ಕೂಡಲೆ ಅರಿವೆಯನ್ನು ಓರೆಯಾಗಿ ಎಳೆದು, ನೇರವಾಗಿ ಎಳೆದು, ಭೇದವನ್ನು ಕಂಡುಕೊಂಡರು.

ಮೊದಲನೆಯ ಮಹಾಯುದ್ಧದ ವಿಮಾನಗಳೂ ಮರದ ಚೌಕಟ್ಟಿಗೆ ಅರಿವೆ ಹೊದಿಸಿದವುಗಳೇ. ಇಂಗ್ಲೆಂಡಿನವರು ಹೆಚ್ಚಾಗಿ ಅಗಸೆ ನಾರಿನ ಲಿನನ್ ಬಳಸುತ್ತಿದ್ದರು. ಅದು ಸಾಲದೆ ಬಂದಾಗ ಅಮೇರಿಕದವರು ಹತ್ತಿಯ ಗಟ್ಟಿ ಅರಿವೆಯನ್ನು ಅದಕ್ಕೆ ಬದಲಾಗಿ ಸಿದ್ಧಪಡಿಸಿದರು. ಅರಿವೆಯು ಡೋಲಿನ ಚರ್ಮದಂತೆ ಬಿಗಿಯಾಗಿ ನಿಲ್ಲಬೇಕೆಂದು ಅದರ ಮೇಲೆ ಬಳಿಯುತ್ತಿದ್ದ ಲೇಪವನ್ನೂ ಹತ್ತಿಯ ಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ನಾರಿನಿಂದ ತಯಾರಿಸುತ್ತಿದ್ದರು.

ಟೀ ಶರ್ಟು ಸಹ ದಂಡಿನಿಂದಲೇ ಬಂದದ್ದು. ತೋಳುಗಳನ್ನು ಚಾಚಿ ಹಾಸಿದರೆ ಇಂಗ್ಲಿಷಿನ 'ಟೀ' ಅಕ್ಷರದಂತೆ ಕಾಣುವದರಿಂದ ಆ ಹೆಸರು. ಅಮೇರಿಕದ ನೌಕಾಪಡೆಯು ೧೯೧೩ರ ಸುಮಾರಿಗೆ ತನ್ನ ನಾವಿಕರಿಗೆ ಇಂಥ ಒಳಂಗಿಯನ್ನು ಕೊಟ್ಟಿತು. ೧೯೪೨ನೆಯ ಇಸವಿಯ ಜುಲೈ ೧೩ರ 'ಲೈಫ್' ಎಂಬ ಪತ್ರಿಕೆಯ ಮುಖಪುಟದಲ್ಲಿ, ವಿಮಾನದಿಂದ ಗುಂಡು ಹಾರಿಸುವದನ್ನು ಕಲಿಸುವ ಶಾಲೆಯ ಹೆಸರನ್ನು ಎದೆಯ ಮೇಲೆ ಅಚ್ಚುಹಾಕಿದ ಅಂಗಿಯನ್ನು ತೊಟ್ಟ ಒಬ್ಬ ಸೈನಿಕನ ಚಿತ್ರ ಪ್ರಕಟವಾಯಿತು. ಒಳಂಗಿಯು ಹೊರ ಅಂಗಿಯಾದದ್ದನ್ನೂ ಅದರ ಮೇಲೆ ಅಕ್ಷರಗಳು ಬಂದದ್ದನ್ನೂ ಲೋಕದ ಬಹು ಜನರು ಕಂಡದ್ದು ಹೀಗೆ. ಆದುದರಿಂದ ವಿಮಾನದಳದ ಹೆಸರುಳ್ಳ ಟೀ ಶರ್ಟು ಇಂದಿನ ಹುಡುಗರ ಹೊಸ ಹುಚ್ಚೆಂದು ಪಾಲಕರು ತಿಳಿಯಬೇಕಾಗಿಲ್ಲ.

ಈ ಅಂಗಿಯು ನೇಯ್ದದ್ದಲ್ಲ, ಹೆಣೆದದ್ದು. ಸೀರೆಗೆ ಹಾಸು ಹೊಕ್ಕುಗಳಿರುವಂತೆ ಇದಕ್ಕೆ ಇಲ್ಲ. ಒಂದೇ ನೂಲು ಕುಣಿಕೆಯಿಂದ ಕುಣಿಕೆಗೆ ಸಾಗುತ್ತದೆ. ನಾವು ಎರಡು ಕಡ್ಡಿಗಳಿಂದ ಉಣ್ಣೆಯ ಸ್ವೆಟರು ಹೆಣೆಯುವ ಕ್ರಮವೇ ಇದು. ಈ ಕೆಲಸಕ್ಕೆ ಮೊದಲು ಯಂತ್ರವನ್ನು ಮಾಡಿದವನು ವಿಲಿಯಂ ಲೀ ಎಂಬ ಇಂಗ್ಲಿಷನು, ೧೫೮೯ನೆಯ ಇಸವಿಯಲ್ಲಿ; ಆತನು ಪಾದ್ರಿಯಾಗಿದ್ದನೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಇಂಥ ಅರಿವೆಗೆ ತಮಿಳುನಾಡಿನ ತಿರುಪ್ಪೂರು ಹೆಸರಾದ ಊರು. ಕುಣಿಕೆಗಳಿರುವದರಿಂದ ಅಂಗಿಯು ಮೈಗೆ ತಕ್ಕಂತೆ ಹಿಗ್ಗುತ್ತದೆ. ಅದೇ ಕಾರಣದಿಂದ ಒಂದು ಕುಣಿಕೆ ಹರಿದರೆ ಏಣಿಯಂತೆ ಕೆಳಗಿನವರೆಗೆ ಬಿಚ್ಚಿಕೊಳ್ಳುತ್ತದೆ. ಕಂಕುಳಲ್ಲಿ ಆದದ್ದು ಇದೇ.

ಲೆಕ್ಕದ ಪಾಠವನ್ನೂ ಇದರಲ್ಲಿ ಸೇರಿಸಿದೆವು. ಹತ್ತಿಯ ನೂಲಿಗೆ ನಂಬರು ಇರುತ್ತದೆ. ಒಂದು ಪೌಂಡು ತೂಕದಲ್ಲಿ ೮೪೦ ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ನೂಲಿನ ನಂಬರು. ೩೦ ನಂಬರಿನ ನೂಲು ಒಂದು ಪೌಂಡಿಗೆ ೨೫,೨೦೦ ಗಜ, ಅಂದರೆ ೧೪ ಮೈಲಿಗೂ ಸ್ವಲ್ಪ ಹೆಚ್ಚು. ಅಂಗಿಯನ್ನು ತೂಗಿ ನೋಡಲು ಪೌಂಡಿನ ಮೂರನೆಯ ಒಂದು ಪಾಲಿನಷ್ಟಾಯಿತು. ಅದು ಆ ನಂಬರಿನ ನೂಲಿನದಾಗಿದ್ದರೆ ಅಣ್ಣನ ಮೈಮೇಲೆ ಸುಮಾರು ಐದು ಮೈಲಿಯ ನೂಲು ಇರುವದಾಗಿ ಕಂಡು ಹುಡುಗಿಯರು ಬಹಳ ನಕ್ಕರು. ಹತ್ತಿಗೆ ತಕ್ಕ ನೆಲವಾದ ಎರೆಭೂಮಿಯು ಔರಾದ ತಾಲೂಕಿನಲ್ಲಿ ಹೇರಳವಾಗಿದೆ; ಬೀದರದ ಕೆಂಪು ಮಣ್ಣಿನ ದಿಣ್ಣೆಯವರು ಇದರಲ್ಲಿ ಜಂಬ ಕೊಚ್ಚುವಂತಿಲ್ಲ ಎಂದು ಔರಾದದವಳು ಆ ದಿನ ಬಾಡಿದ ಮುಖವನ್ನು ಅರಳಿಸಿಕೊಂಡಳು.

ಇನ್ನು ಬೀದರದ ವಿಮಾನಗಳ ವಿಷಯ.

ಬೀದರ, ಭಾಲ್ಕಿ, ಔರಾದಗಳು ಹಿಂದೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ೧೯೧೮ನೆಯ ಇಸವಿಯಲ್ಲಿ ಬ್ರಿಟಿಷ್ ವಾಯುಪಡೆಯ ೧೧೦ನೆಯ ದಳವು ಫ್ರಾನ್ಸಿಗೆ ಹೋದಾಗ ಅದರ ಡಿ ಹ್ಯಾವಿಲೆಂಡ್ ವಿಮಾನಗಳು ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕೊಡುಗೆಯಾಗಿದ್ದವು. ಆದಕಾರಣ ಆ ದಳಕ್ಕೆ ಹೈದರಾಬಾದು ದಳವೆಂಬ ಹೆಸರು ಬಂದಿತು. ಎರಡನೆಯ ಮಹಾಯುದ್ಧದಲ್ಲಿಯೂ ೧೫೨ನೆಯ ದಳ, ೨೫೩ನೆಯ ದಳ ಎಂಬ ಎರಡು ದಳಗಳು ಹೈದರಾಬಾದಿನ ಹೆಸರನ್ನು ಹೊತ್ತವು. ೧೯೪೦ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಹೋರಾಟದಲ್ಲಿ ಮೊದಲನೆಯದು ಸ್ಪಿಟ್‌ಫೈರ್ ವಿಮಾನಗಳನ್ನೂ ಎರಡನೆಯದು ಹರಿಕೇನ್ ವಿಮಾನಗಳನ್ನೂ ಹಾರಿಸಿತು. ೧೫೨ನೆಯ ದಳದ ಲಾಂಛನದಲ್ಲಿ ನಿಜಾಮರ ಶಿರೋಭೂಷಣವೇ ಇದೆ. ಹರಿಕೇನಿನ ದೇಹದ ಹಿಂಭಾಗಕ್ಕೆ ಆಗಲೂ ಅರಿವೆಯನ್ನೇ ಹೊದಿಸುತ್ತಿದ್ದರು.

ಸಂಸ್ಥಾನದ ಬೊಕ್ಕಸಕ್ಕೆ ಹಣ ಬರುತ್ತಿದ್ದದ್ದು ಎಲ್ಲಿಂದ? ಒಂದು ದೊಡ್ಡ ಪಾಲು ಭೂಕಂದಾಯದಿಂದ. ಹಾಗಿದ್ದರೆ ಆ ಸ್ಪಿಟ್‌ಫೈರುಗಳಲ್ಲಿ ಭಾಲ್ಕಿಯ ರೈತನ ಜೋಳದ ಪಾಲೂ ಸ್ವಲ್ಪ ಇರಲಿಲ್ಲವೆನ್ನಲಾಗದು. ಅವನನ್ನು ಯಾರೂ ಕೇಳಿರಲಿಲ್ಲ. ಲಾಂಛನದಲ್ಲಿ ಅವನ ಮುಂಡಾಸೂ ಇಲ್ಲ.

ಮುಂದಿನ ಸಂಗತಿಯು ಇನ್ನೂ ವಿಚಿತ್ರವಾದದ್ದು. ಸಿಡ್ನಿ ಕಾಟನ್ ಎಂಬ ಒಬ್ಬ ಆಸ್ಟ್ರೇಲಿಯದ ವೈಮಾನಿಕನಿದ್ದನು. (ಕಾಟನ್ ಎಂದರೆ ಹತ್ತಿಯಷ್ಟೆ; ನಮ್ಮ ಪಾಠಕ್ಕೆ ಇಂಥ ಹೆಸರಿನವನು ತಾನಾಗಿ ಒದಗಿ ಬಂದನು.) ಮೊದಲನೆಯ ಮಹಾಯುದ್ಧದಲ್ಲಿ ವಿಮಾನದ ಆಸನಗಳಿಗೆ ಮುಚ್ಚಳವಿರಲಿಲ್ಲ, ಮೇಲಿನ ಚಳಿಗೆ ವೈಮಾನಿಕರ ಕೈಕಾಲು ಮರಗಟ್ಟುತ್ತಿದ್ದವು. ಒಂದು ದಿನ ಕಾಟನನು ಅವಸರದಲ್ಲಿ ಎಣ್ಣೆ ಹತ್ತಿದ ಕೆಲಸದ ಉಡುಪಿನಲ್ಲಿಯೇ ಹಾರಿ ಬಂದನು. ಇತರರೆಲ್ಲ ನಡುಗುತ್ತಿರುವಾಗ ತನಗೊಬ್ಬನಿಗೆ ಚಳಿಯಾಗಲಿಲ್ಲವೆಂಬುದನ್ನು ಕಂಡು ಯೋಚಿಸಿದನು. ಎಣ್ಣೆ ಕುಡಿದ ಅರಿವೆಯಲ್ಲಿ ಗಾಳಿ ನುಗ್ಗಲಾರದು. ಒಳಗಿನ ಬಿಸಿ ಹೊರಗೆ ಹೋಗದು. ಇದರಿಂದ ೧೯೧೭ರಲ್ಲಿ ಆತನು ಪದರು ಪದರಾದ ಹಾರಾಟದ ಉಡುಪೊಂದನ್ನು ರೂಪಿಸಿದನು. ಅದಕ್ಕೆ 'ಸಿಡ್ಕಾಟ್' ಎಂದು ಹೆಸರಾಗಿ ಬ್ರಿಟಿಷ್ ವಾಯುಪಡೆಯಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಇದೇ ಕಾಟನನು ೧೯೪೮ನೆಯ ಇಸವಿಯಲ್ಲಿ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ಎಂಬ ನಾಲ್ಕು ಎಂಜಿನಿನ ವಿಮಾನಗಳಲ್ಲಿ ಹೈದರಾಬಾದು ಸಂಸ್ಥಾನಕ್ಕೆ ಗುಪ್ತವಾಗಿ ಆಯುಧಗಳನ್ನು ಸಾಗಿಸಿದನು. ಆ ವಿಮಾನಗಳು ಇಳಿದ ನೆಲೆಗಳಲ್ಲಿ ನಮ್ಮ ಬೀದರವೂ ಒಂದು. ಅದೇ ಸಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನದೊಳಗೆ ಪ್ರವೇಶಿಸಿ ಐದು ದಿನಗಳೊಳಗೆ ಆ ಅಧ್ಯಾಯವನ್ನು ಮುಗಿಸಿತು. ಇಂಗ್ಲೆಂಡಿನಲ್ಲಿ ಕಾಟನನಿಗೆ ದಂಡ ವಿಧಿಸಿದರು. ಆಗಿನ ರಜಾಕಾರರ ಕಾಲದಲ್ಲಿಯೂ ಅದರ ಅನಂತರದ ದಿನಗಳಲ್ಲಿಯೂ ಈ ಮೂರು ತಾಲೂಕುಗಳ ಮನೆಗಳು ಅನುಭವಿಸಿದ ದುಃಖವನ್ನು ಮುದುಕರು ಮೆಲ್ಲಗೆ ಮಾತಾಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮಾತಾಡಲೇ ಇಲ್ಲ. ನಾಲ್ಕು ಎಂಜಿನಿನ ವಿಮಾನದ ಚಿತ್ರವು ಇತರರಿಗೆ ಅಂದವಾಗಿ ಕಾಣಬಹುದು. ಬೀದರದಲ್ಲಿ ಅದನ್ನು ತೊಡುವವನು ಇಷ್ಟನ್ನಾದರೂ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಸ್ವತಂತ್ರ ಭಾರತದಲ್ಲಿ ಬೀದರವು ವಾಯುಪಡೆಯ ಪಾಠಶಾಲೆಯಾಯಿತು. ಇಲ್ಲಿಯ ವಿಮಾನಗಳು ಮುಖ್ಯವಾಗಿ ಕಲಿಯುವವರ ವಿಮಾನಗಳು. ಅವುಗಳಲ್ಲಿ ನಾವು ಮೊದಲು ಹೇಳತಕ್ಕದ್ದು 'ಕಿರಣ್'. ಅದನ್ನು ಬೆಂಗಳೂರಿನ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರಚಿಸಿದರು. ೧೯೬೪ನೆಯ ಇಸವಿಯ ಸಪ್ಟೆಂಬರ್ ೪ರಂದು ಅದು ಮೊದಲ ಸಾರಿ ಹಾರಿತು. ಆ ವಿಮಾನದಲ್ಲಿ ಗುರುವೂ ಶಿಷ್ಯನೂ ಪಕ್ಕಪಕ್ಕದಲ್ಲಿ ಕೂಡುತ್ತಾರೆ. ಶಿಷ್ಯನ ಕೈ ನಡುಗಿದರೆ ಗುರುವಿಗೆ ಕಾಣುತ್ತದೆ. ಕಲಿಸುವ ಕೆಲಸದವರಾದ ನಮಗೆ ಇದು ಬಹಳ ಹಿಡಿಸಿತು.

೧೯೯೬ನೆಯ ಇಸವಿಯಲ್ಲಿ ಬೀದರದಲ್ಲಿ 'ಸೂರ್ಯಕಿರಣ' ತಂಡವು ಸ್ಥಾಪಿತವಾಯಿತು. ಒಂಬತ್ತು ಕಿರಣ್ ವಿಮಾನಗಳು ಒಂದೇ ಹಕ್ಕಿಯಂತೆ ತಿರುಗಿ ಮಗುಚುವದನ್ನು ಅಭ್ಯಾಸ ಮಾಡುತ್ತಿದ್ದದ್ದು ಈ ಊರಿನ ಮೇಲೆಯೇ. ದೆಹಲಿಯವರು ವರ್ಷಕ್ಕೊಮ್ಮೆ ಕಣ್ತುಂಬ ನೋಡಿದ್ದನ್ನು ನಮ್ಮ ಮಕ್ಕಳು ಬಿಟ್ಟಿಯಾಗಿ, ಪಾಠದ ಗಂಟೆಯಲ್ಲಿ ಕಿಟಕಿಯಿಂದ ನೋಡುತ್ತಿದ್ದರು. ಅದಕ್ಕಾಗಿ ಎಷ್ಟು ಸಾರಿ ಗದರಿಸಿದ್ದೇವೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು.

ಆದರೆ ಆಟವೆಂದು ಕಂಡದ್ದು ಆಟವಾಗಿರಲಿಲ್ಲ. ೨೦೦೬ನೆಯ ಇಸವಿಯ ಮಾರ್ಚ್ ೧೮ರಂದು ಈ ತಂಡದ ಒಂದು ವಿಮಾನವು ಬೀದರದ ಬಳಿಯಲ್ಲಿ ಬಿದ್ದು ಇಬ್ಬರು ವೈಮಾನಿಕರು ಮೃತರಾದರು. ೨೦೦೯ನೆಯ ಇಸವಿಯ ಜನವರಿ ೨೧ರಂದು ಇನ್ನೊಬ್ಬರು ಹೀಗೆಯೇ ಬೀದರದ ಬಳಿಯಲ್ಲಿ ಜೀವ ತೆತ್ತರು. ೨೦೧೧ರಲ್ಲಿ ಕಿರಣ್ ವಿಮಾನಗಳು ಶಿಕ್ಷಣಕ್ಕೆ ಬೇಕಾದದ್ದರಿಂದ ತಂಡವು ನಿಂತುಹೋಗಿ, ೨೦೧೫ರಲ್ಲಿ 'ಹಾಕ್' ವಿಮಾನಗಳೊಂದಿಗೆ ಪುನಃ ಎದ್ದಿತು. ೨೦೧೯ರ ಫೆಬ್ರವರಿ ೧೯ರಂದು ಯಲಹಂಕದ ಮೇಲೆ ಎರಡು ವಿಮಾನಗಳು ಒಂದಕ್ಕೊಂದು ತಗಲಿ ಮತ್ತೊಬ್ಬರು ಹೋದರು.

ಹಾಕ್ ಬಂದ ಕಾರಣವನ್ನೂ ಹೇಳಬೇಕು. ಬಹುಕಾಲದವರೆಗೆ ನಮ್ಮ ತರುಣರು ನಿಧಾನವಾದ ಕಿರಣದಿಂದ ಅತಿವೇಗದ ಮಿಗ್-೨೧ಕ್ಕೆ ನೇರವಾಗಿ ಏರಬೇಕಾಗಿತ್ತು. ಕನ್ನಡ ಒಂದನೆಯ ಪುಸ್ತಕ ಮುಗಿಸಿದ ಮಗುವಿನ ಕೈಗೆ ಪಂಪಭಾರತವನ್ನು ಕೊಟ್ಟಂತೆ. ಓದು ತಪ್ಪಿದರೆ ಮಗುವಿಗೆ ಬೈಗುಳ. ಇಲ್ಲಿ ತಪ್ಪಿದವರಿಗೆ ಮರಣ. ನಡುವೆ ಒಂದು ಮೆಟ್ಟಲು ಬೇಕೆಂದು ೧೯೮೨ರಲ್ಲಿಯೇ ಒಂದು ಸಮಿತಿಯು ಹೇಳಿತ್ತು. ಒಪ್ಪಂದವಾದದ್ದು ೨೦೦೪ರಲ್ಲಿ, ಹಾಕ್ ವಿಮಾನಗಳು ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು ೨೦೦೮ನೆಯ ಇಸವಿಯ ಫೆಬ್ರವರಿ ೨೩ರಂದು, ಬೀದರದಲ್ಲಿ. ಇಪ್ಪತ್ತಾರು ವರ್ಷಗಳ ಈ ತಡವನ್ನು ಯಾವ ಅಂಗಿಯ ಮೇಲೂ ಅಚ್ಚು ಹಾಕಿದ್ದನ್ನು ನಾವು ಕಾಣೆವು.

ಆ ಮೆಟ್ಟಲನ್ನು ಹತ್ತಿದವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ೨೦೧೬ನೆಯ ಇಸವಿಯ ಜೂನ್ ೧೮ರಂದು ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ದೇಶದ ಮೊದಲ ಯುದ್ಧವಿಮಾನ ಚಾಲಕಿಯರಾಗಲು ಆಯ್ಕೆಗೊಂಡು ಅಧಿಕಾರಪದವಿಯನ್ನು ಪಡೆದರು. ಅನಂತರ ಅವರು ಹಾಕ್ ಹಾರಿಸಲು ಕಲಿತದ್ದು ಬೀದರದಲ್ಲಿಯೇ. ಅವನಿಯವರು ೨೦೧೮ರ ಫೆಬ್ರವರಿ ೧೯ರಂದು ಜಾಮನಗರದಿಂದ ಮಿಗ್-೨೧ನ್ನು ಒಬ್ಬರೇ ಹಾರಿಸಿದರು. ೨೦೨೨ನೆಯ ಇಸವಿಯ ಮೇ ೩೦ರಂದು ಏರ್ ಕಮೊಡೋರ್ ಸಂಜಯ ಶರ್ಮರೂ ಅವರ ಮಗಳಾದ ಫ್ಲೈಯಿಂಗ್ ಆಫೀಸರ್ ಅನನ್ಯಾ ಶರ್ಮರೂ ಬೀದರದಿಂದ ಹಾಕ್ ವಿಮಾನಗಳಲ್ಲಿ ಒಂದೇ ವ್ಯೂಹದಲ್ಲಿ ಹಾರಿದರು. ತಂದೆ ಮಗಳು ಹೀಗೆ ಜೊತೆಯಾಗಿ ಹಾರಿದ್ದು ನಮ್ಮ ವಾಯುಪಡೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಇದನ್ನು ಹೇಳಿದ ದಿನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಹತ್ತನೆಯ ತರಗತಿಗೇ ಮಗಳ ಓದು ಸಾಕೆಂದು ಹೇಳಿ ಬಂದಿದ್ದ ಒಬ್ಬ ತಂದೆಯವರು ಆ ಚಿತ್ರವನ್ನು ನಮ್ಮಿಂದ ಕೇಳಿ ತೆಗೆದುಕೊಂಡು ಹೋದರು. ಆ ಹುಡುಗಿಯು ಈಗ ಪಿಯುಸಿಯಲ್ಲಿ ಗಣಿತವನ್ನು ಓದುತ್ತಿದ್ದಾಳೆ.

ಕಡೆಗೆ, ತಾವೇ ಒಂದು ಅಂಗಿಯನ್ನು ಮಾಡುವದೆಂದು ಹುಡುಗಿಯರು ನಿಶ್ಚಯಿಸಿದರು. ಸಾದಾ ಬಿಳಿಯ ಟೀ ಶರ್ಟನ್ನು ಕೊಂಡು, ಜಾಲರಿಯ ಚೌಕಟ್ಟಿನಿಂದ ಬಣ್ಣ ಒತ್ತುವ ಸ್ಕ್ರೀನ್ ಪ್ರಿಂಟಿನ ಕ್ರಮದಲ್ಲಿ ಕಿರಣ್ ವಿಮಾನದ ಚಿತ್ರ, ಕೆಳಗೆ ಬೀದರ ಎಂಬ ಕನ್ನಡ ಅಕ್ಷರಗಳು. ರೆಕ್ಕೆಯ ಮೇಲಿನ ವೃತ್ತದಲ್ಲಿ ಮೊದಲು ತಪ್ಪಾಯಿತು. ಬಾವುಟವನ್ನು ನೆನಸಿ ಕೇಸರಿಯನ್ನು ನಡುವೆ ಇಟ್ಟಿದ್ದರು. ನಡುವೆ ಹಸಿರು, ಅದರ ಸುತ್ತ ಬಿಳಿ, ಹೊರಗೆ ಕೇಸರಿ: ಇದು ಸರಿಯಾದ ಕ್ರಮ. ಎರಡನೆಯ ಮಹಾಯುದ್ಧದ ಹಳೆಯ ಚಿತ್ರಗಳಲ್ಲಿ ನಮ್ಮ ವಿಮಾನಗಳ ಮೇಲೆ ಎರಡು ಬಗೆಯ ನೀಲಿ ಮಾತ್ರ ಕಾಣುವದಕ್ಕೆ ಕಾರಣವೇನೆಂದರೆ, ಜಪಾನಿನವರ ಗುರುತು ಕೆಂಪು ಬಿಲ್ಲೆಯಾದದ್ದರಿಂದ ಈ ಭಾಗದ ವಿಮಾನಗಳ ಮೇಲಿನ ಕೆಂಪನ್ನು ತೆಗೆದುಬಿಟ್ಟಿದ್ದರು. ಹಳೆಯ ಕಾಲದ ಅಂಗಿಯೆಂದು ಹೇಳಿ ಮಾರುವವರು ಇಂಥದ್ದರಲ್ಲಿಯೇ ಎಡವುತ್ತಾರೆ.

ಮೃತರಾದವರ ಹೆಸರುಗಳನ್ನು ಹಾಕಬೇಕೋ ಬೇಡವೋ ಎಂದು ದೊಡ್ಡ ಚರ್ಚೆ ನಡೆಯಿತು. ಹಾಕದಿದ್ದರೆ ಗೌರವವೆಲ್ಲಿ ಎಂದು ಕೆಲವರು. ಅಂಗಿಯು ಬೆವರುತ್ತದೆ, ಒಗೆಯುವ ಕಲ್ಲಿನ ಮೇಲೆ ಬೀಳುತ್ತದೆ, ಹರಿದ ಮೇಲೆ ನೆಲ ಒರಸುವ ಅರಿವೆಯಾಗುತ್ತದೆ. ಒಬ್ಬ ತಾಯಿಯ ಮಗನ ಹೆಸರನ್ನು ಅದರ ಮೇಲೆ ಹೇಗೆ ಬರೆಯುವದು ಎಂದು ಭಾಲ್ಕಿಯವಳು ಕೇಳಿದಳು. ಅವಳ ಮಾತೇ ನಿಂತಿತು. ಹೆಸರುಗಳನ್ನು ಹುಡುಗಿಯರು ಕಾಗದದ ಮೇಲೆ ಅಂದವಾಗಿ ಬರೆದು ತರಗತಿಯ ಗೋಡೆಗೆ ಹಚ್ಚಿದ್ದಾರೆ.

ಮೊದಲ ಅಂಗಿಯು ಕೆಟ್ಟಿತು, ತಪ್ಪು ನಮ್ಮದೇ. ಒತ್ತಿದ ಬಣ್ಣವು ಅರಿವೆಗೆ ಹಿಡಿಯಬೇಕಾದರೆ ಒಣಗಿದರೆ ಸಾಲದು, ಆ ಬಣ್ಣದ ಡಬ್ಬಿಯ ಮೇಲೆ ಹೇಳಿದಷ್ಟು ಶಾಖವನ್ನು ಹೇಳಿದಷ್ಟು ಹೊತ್ತು ಕೊಡಬೇಕು. ನಾವು ಬಿಸಿಲನ್ನೇ ನಂಬಿದೆವು. ಮೊದಲ ಒಗೆತಕ್ಕೇ ಕಿರಣದ ಬಾಲವು ನೀರಿನ ಪಾಲಾಯಿತು. ಬಿದರಿ ಕೆಲಸದವರು ಬೆಳ್ಳಿಯನ್ನು ಲೋಹದೊಳಗೆ ಕೆತ್ತಿ ಕೂಡಿಸುವಂತೆ ಇದು ಒಳಗೆ ಇಳಿಯುವದಿಲ್ಲವಲ್ಲ ಎಂದು ಒಬ್ಬಳು ಪೇಚಾಡಿದಳು. ಎರಡನೆಯದಕ್ಕೆ ಮೇಲೊಂದು ಅರಿವೆ ಹಾಸಿ ಇಸ್ತ್ರಿಯಿಂದ ಸರಿಯಾಗಿ ಶಾಖ ಕೊಟ್ಟೆವು. ಇಂಥ ಅಂಗಿಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಚಿತ್ರದ ಮೇಲೆ ಬ್ರಷ್ಷಿನಿಂದ ಉಜ್ಜಬಾರದು, ನೆರಳಿನಲ್ಲಿ ಒಣಗಿಸಬೇಕು, ಒದ್ದೆಯಿರುವಾಗ ಕುತ್ತಿಗೆಯನ್ನು ಹಿಡಿದು ತೂಗುಹಾಕಬಾರದು. ಹೆಣೆದ ಅರಿವೆಯು ಜೋತುಬಿದ್ದು ಉದ್ದವಾಗುತ್ತದೆ.

ಔರಾದದ ಆ ಅಣ್ಣನು ಈಗ ಎರಡೂ ಅಂಗಿಗಳನ್ನು ತೊಡುತ್ತಾನೆ. ಅಮೇರಿಕದ ವಿಮಾನದ್ದು ಹೊಲಕ್ಕೆ, ಕಿರಣದ್ದು ಬೀದರಕ್ಕೆ ಬರುವಾಗ. ಕಂಕುಳ ಹೊಲಿಗೆಯನ್ನು ತಂಗಿಯು ಜೋಡಿ ದಾರದಿಂದ ಗಟ್ಟಿಯಾಗಿ ಹಾಕಿದ್ದಾಳೆ. ಅದು ಇದುವರೆಗೆ ಬಿಚ್ಚಿಲ್ಲ.